ಕವಣೆಯಂತೆ ಬೀಸುವ ಕೈ: ಸಾಫ್ಟ್‌ಬಾಲ್ ಎಸೆತದ ಅಭ್ಯಾಸ ಮತ್ತು ಅದರ ವಿಜ್ಞಾನ

ಸಾಫ್ಟ್‌ಬಾಲ್ ಎಂಬ ಹೆಸರು ಕೇಳಿದವರು ಅದು ಮೆತ್ತನೆಯ ಚೆಂಡಿನ ಆಟವಿರಬೇಕು ಎಂದುಕೊಳ್ಳುವುದುಂಟು. ಹುಟ್ಟಿದಾಗ ಅದು ಹಾಗೆಯೇ ಇತ್ತು. 1887ರ ನವೆಂಬರ್‌ನಲ್ಲಿ ಅಮೆರಿಕದ ಶಿಕಾಗೋ ನಗರದ ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಾಂಗಣದಲ್ಲಿ ಜಾರ್ಜ್ ಹ್ಯಾಂಕಾಕ್ ಎಂಬಾತ ಮುಷ್ಟಿಯುದ್ಧದ ಕೈಗವಸನ್ನೇ ಚೆಂಡಿನಂತೆ ಕಟ್ಟಿ, ಅದನ್ನು ಕೋಲಿನಿಂದ ಹೊಡೆಯುವ ಆಟವೊಂದನ್ನು ರೂಪಿಸಿದ. ಇಂದಿನ ಚೆಂಡು ಮೆತ್ತಗಿಲ್ಲ. ಅದರ ಸುತ್ತಳತೆ 30.5 ಸೆಂ.ಮೀ., ರಾಶಿ 178ರಿಂದ 198 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ಅದು ದೊಡ್ಡದು ಮಾತ್ರವಲ್ಲ, ಭಾರವೂ ಹೌದು.

ಈ ಆಟದ ವೇಗದ ಪ್ರಕಾರಕ್ಕೆ ಫಾಸ್ಟ್‌ಪಿಚ್ ಎಂದು ಹೆಸರು. ಇದರಲ್ಲಿ ಚೆಂಡನ್ನು ಎಸೆಯುವ ಆಟಗಾರ್ತಿ, ಅಂದರೆ ಪಿಚರ್, ಕೈಯನ್ನು ಕೆಳಗಿನಿಂದಲೇ ಬೀಸಿ ಎಸೆಯಬೇಕು. ಕ್ರಿಕೆಟ್ ನೋಡಿ ಬೆಳೆದ ನಮಗೆ ಕೆಳಗೈ ಎಸೆತವೆಂದರೆ ನೆನಪಾಗುವುದು 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಟ್ರೆವರ್ ಚಾಪೆಲ್ ನೆಲದ ಮೇಲೆ ಉರುಳಿಸಿದ ಆ ಕೊನೆಯ ಚೆಂಡು. ಹಾಗಾಗಿ ಕೆಳಗೈ ಎಂದರೆ ನಿಧಾನ, ದುರ್ಬಲ ಎಂಬ ಭಾವನೆ ಬೇರೂರಿದೆ. ಸಾಫ್ಟ್‌ಬಾಲ್ ಈ ಭಾವನೆಯನ್ನು ತಲೆಕೆಳಗು ಮಾಡುತ್ತದೆ. ಅಂತರರಾಷ್ಟ್ರೀಯ ಮಟ್ಟದ ಮಹಿಳಾ ಪಿಚರ್‌ಗಳು ಗಂಟೆಗೆ 105 ಕಿ.ಮೀ. ಆಸುಪಾಸಿನಲ್ಲಿ ಎಸೆಯುತ್ತಾರೆ. 2012ರಲ್ಲಿ ಅಮೆರಿಕದ ಮೋನಿಕಾ ಅಬಟ್ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿ.ಮೀ. ವೇಗ ಮುಟ್ಟಿದರು. 2025ರಲ್ಲಿ ಟೆನೆಸೀ ವಿಶ್ವವಿದ್ಯಾಲಯದ ಕಾರ್ಲಿನ್ ಪಿಕೆನ್ಸ್ ಅದನ್ನು ಮೀರಿ 79.4 ಮೈಲಿಗೆ, ಸುಮಾರು 128 ಕಿ.ಮೀ.ಗೆ ಏರಿಸಿದರು.

ನಮ್ಮ ರಾಷ್ಟ್ರೀಯ ಶಾಲಾ ಕ್ರೀಡೆಗಳಲ್ಲೂ ಸಾಫ್ಟ್‌ಬಾಲ್ ಇದೆ. 1996ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಈ ಆಟ 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಮರಳಿತು. 2028ರ ಲಾಸ್ ಏಂಜಲೀಸ್ ಕೂಟದ ಪಟ್ಟಿಯಲ್ಲೂ ಸೇರಿದೆ. ಈ ಆಟದ ಎಸೆತವನ್ನು ಉತ್ತಮಪಡಿಸುವ ಅಭ್ಯಾಸಗಳು ಯಾವುವು, ಅವು ಏಕೆ ಕೆಲಸ ಮಾಡುತ್ತವೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ತಿಳಿಯಬಹುದು.

ಬ್ಯಾಟರ್‌ಗೆ ಸಿಗುವ ಸಮಯ

ಮಹಿಳೆಯರ ಪಂದ್ಯದಲ್ಲಿ ಪಿಚರ್ ನಿಲ್ಲುವ ಫಲಕದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟಿಗೆ ಇರುವ ದೂರ 43 ಅಡಿ (13.1 ಮೀ.). ಪಿಚರ್ ಮುಂದಕ್ಕೆ ಚಿಮ್ಮಿ ಎಸೆಯುವುದರಿಂದ ಚೆಂಡು ಕೈಬಿಡುವ ಜಾಗ ಪ್ಲೇಟಿಗೆ ಸುಮಾರು 1.8 ಮೀ. ಹತ್ತಿರ ಬಂದಿರುತ್ತದೆ. ಉಳಿದದ್ದು 11.3 ಮೀ. ಗಂಟೆಗೆ 105 ಕಿ.ಮೀ. ಎಂದರೆ ಸೆಕೆಂಡಿಗೆ 29.2 ಮೀ. ಭಾಗಿಸಿದರೆ ಸುಮಾರು 0.39 ಸೆಕೆಂಡು.

ಬೇಸ್‌ಬಾಲ್‌ನಲ್ಲಿ ದೂರ 18.44 ಮೀ. ಅಲ್ಲಿಯೂ 1.8 ಮೀ. ಕಳೆದು, ಗಂಟೆಗೆ 150 ಕಿ.ಮೀ. ಎಸೆತಕ್ಕೆ ಲೆಕ್ಕ ಹಾಕಿದರೆ ಬರುವುದು 0.40 ಸೆಕೆಂಡು. ಎರಡು ಆಟಗಳ ಬ್ಯಾಟರ್‌ಗಳಿಗೂ ಸಿಗುವ ಸಮಯ ಹೆಚ್ಚು ಕಡಿಮೆ ಒಂದೇ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡು ಬೇಕು. ಉಳಿದ ಅರ್ಧದಲ್ಲಿ ಬ್ಯಾಟು ಬೀಸಿ ಮುಗಿಸಬೇಕು. ಪಿಚರ್ ವೇಗವನ್ನು ಸ್ವಲ್ಪ ಹೆಚ್ಚಿಸಿದರೂ, ಅಥವಾ ಅದೇ ಕೈಬೀಸಿನಲ್ಲಿ ವೇಗವನ್ನು ತಗ್ಗಿಸಿದರೂ ಬ್ಯಾಟರ್‌ನ ಲೆಕ್ಕ ತಪ್ಪುತ್ತದೆ. ಗಂಟೆಗೆ 75 ಕಿ.ಮೀ. ಎಸೆತ ತಲುಪಲು 0.54 ಸೆಕೆಂಡು ಬೇಕು. ಆ 0.15 ಸೆಕೆಂಡಿನ ವ್ಯತ್ಯಾಸವೇ ಚೇಂಜ್‌ಅಪ್ ಎಂಬ ನಿಧಾನದ ಎಸೆತದ ಶಕ್ತಿ.

ಕೈಯೇ ಕವಣೆ

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನೀವು ನೋಡಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ಕಲ್ಲು ವೃತ್ತದಲ್ಲಿ ಸುತ್ತುತ್ತದೆ. ಹಗ್ಗದ ಒಂದು ತುದಿ ಬಿಟ್ಟೊಡನೆ ಅದು ಆ ಕ್ಷಣದ ಸ್ಪರ್ಶರೇಖೆಯ ದಿಕ್ಕಿನಲ್ಲಿ ಹಾರುತ್ತದೆ. ಸಾಫ್ಟ್‌ಬಾಲ್ ಪಿಚರ್‌ನ ಕೈ ಮಾಡುವುದೂ ಇದನ್ನೇ. ಗಾಳಿಗಿರಣಿಯ ರೆಕ್ಕೆಯಂತೆ ಅದು ಮುಂದಿನಿಂದ ಮೇಲೆ, ಹಿಂದೆ, ಕೆಳಗೆ ಸುತ್ತಿ ಬಂದು ತೊಡೆಯ ಪಕ್ಕದಲ್ಲಿ ಚೆಂಡನ್ನು ಬಿಡುತ್ತದೆ. ಆದ್ದರಿಂದ ಇದಕ್ಕೆ ವಿಂಡ್‌ಮಿಲ್ ಎಸೆತ ಎಂದು ಹೆಸರು.

ವೃತ್ತಚಲನೆಯಲ್ಲಿ ವೇಗ v = ωr ಎಂಬುದು ನಿಮಗೆ ಗೊತ್ತು. ಭುಜದಿಂದ ಚೆಂಡಿನವರೆಗೆ 0.65 ಮೀ. ಇರುವ ವಿದ್ಯಾರ್ಥಿನಿಯೊಬ್ಬಳು ಚೆಂಡನ್ನು ಸೆಕೆಂಡಿಗೆ 15 ಮೀ. (ಗಂಟೆಗೆ 54 ಕಿ.ಮೀ.) ವೇಗದಲ್ಲಿ ಬಿಡುತ್ತಾಳೆ ಎನ್ನೋಣ. ಆಗ ಕೋನೀಯ ವೇಗ ಸೆಕೆಂಡಿಗೆ ಸುಮಾರು 23 ರೇಡಿಯನ್, ಅಂದರೆ ಸುಮಾರು 1320 ಡಿಗ್ರಿ. ಒಂದು ಮಿಲಿಸೆಕೆಂಡಿನಲ್ಲಿ ಕೈ 1.3 ಡಿಗ್ರಿ ತಿರುಗುತ್ತದೆ.

ಈ 1.3 ಡಿಗ್ರಿಯ ಬೆಲೆ ಏನು? 11.3 ಮೀ. ದೂರದಲ್ಲಿ ಅದು ಸುಮಾರು 26 ಸೆಂ.ಮೀ. ಆಗುತ್ತದೆ. ಚೆಂಡನ್ನು ಒಂದು ಮಿಲಿಸೆಕೆಂಡು ತಡವಾಗಿ ಬಿಟ್ಟರೆ ಅದು ಅಷ್ಟು ಮೇಲೆ ಹೋಗುತ್ತದೆ, ಬೇಗ ಬಿಟ್ಟರೆ ಅಷ್ಟು ಕೆಳಗೆ. ನಿಜವಾದ ಎಸೆತದಲ್ಲಿ ದೇಹವೂ ಮುಂದೆ ಸಾಗುತ್ತಿರುವುದರಿಂದ ಕೈಯ ಪಥ ಪೂರ್ಣ ವೃತ್ತವಾಗದೆ ತಳದಲ್ಲಿ ಸ್ವಲ್ಪ ಚಪ್ಪಟೆಯಾಗುತ್ತದೆ. ದೋಷ ಅಷ್ಟಕ್ಕಷ್ಟೇ ಇಳಿಯುತ್ತದೆ. ಆದರೂ ಲೆಕ್ಕದ ತಾತ್ಪರ್ಯ ಸ್ಪಷ್ಟ. ಒಂದೆರಡು ಮಿಲಿಸೆಕೆಂಡಿನ ಕಿಟಕಿಯನ್ನು ಯೋಚಿಸಿ ಹಿಡಿಯಲಾಗದು. ಅದನ್ನು ನರಮಂಡಲ ಅಭ್ಯಾಸದಿಂದಲೇ ಕಲಿಯಬೇಕು.

ಇಲ್ಲಿ ಇನ್ನೊಂದು ಅಂಶವಿದೆ. ಕೈ ಸುತ್ತುವ ಸಮತಲ ನೆಟ್ಟಗೆ, ಗುರಿಯ ಕಡೆಗೇ ಇದ್ದರೆ ಸಮಯದ ದೋಷ ಚೆಂಡನ್ನು ಮೇಲೆ ಕೆಳಗೆ ಮಾತ್ರ ಸರಿಸುತ್ತದೆ. ಸಮತಲ ಓರೆಯಾದರೆ ಅದೇ ದೋಷ ಚೆಂಡನ್ನು ಎಡಬಲಕ್ಕೂ ಒಯ್ಯುತ್ತದೆ. ಪ್ಲೇಟಿನ ಅಗಲ ಕೇವಲ 43 ಸೆಂ.ಮೀ. ಬ್ಯಾಟರ್‌ನ ಕಂಕುಳಿನಿಂದ ಮಂಡಿಯವರೆಗಿನ ಎತ್ತರ ಅದಕ್ಕಿಂತ ಹೆಚ್ಚು. ಆದ್ದರಿಂದ ಸಮತಲ ನೆಟ್ಟಗಿರಬೇಕು ಎಂಬುದು ಬರಿಯ ಅಂದದ ಮಾತಲ್ಲ.

ಆರು ಅಭ್ಯಾಸಗಳು

ಇಡೀ ಎಸೆತವನ್ನು ಒಮ್ಮೆಗೇ ತಿದ್ದಲು ಹೊರಟರೆ ಯಾವ ಭಾಗ ಕೆಟ್ಟಿದೆ ಎಂಬುದೇ ತಿಳಿಯದು. ತರಬೇತುದಾರರು ಅದನ್ನು ಹಿಂದಿನಿಂದ ಮುಂದಕ್ಕೆ ಬಿಡಿಸುತ್ತಾರೆ. ಮೊದಲು ಬಿಡುವ ಕ್ಷಣ, ಆಮೇಲೆ ಕೈಯ ಸುತ್ತು, ಕೊನೆಗೆ ಕಾಲು. ಪ್ರತಿಯೊಂದನ್ನೂ 10ರಿಂದ 15 ಬಾರಿ ಮಾಡಿದರೆ ಸಾಕು. ಅದಕ್ಕೆ ಮೊದಲು ನಿಧಾನ ಓಟ ಮತ್ತು ಭುಜದ ಚಲನೆಗಳಿಂದ ಮೈ ಬೆಚ್ಚಗಾಗಿರಬೇಕು.

1. ಮಣಿಕಟ್ಟಿನ ಅಭ್ಯಾಸ. ಜೊತೆಗಾತಿಯಿಂದ 2–3 ಮೀ. ದೂರದಲ್ಲಿ ನಿಂತು, ಕೈಯನ್ನು ತೊಡೆಯ ಪಕ್ಕದಲ್ಲಿ ಇಳಿಬಿಟ್ಟು, ಮಣಿಕಟ್ಟು ಮತ್ತು ಬೆರಳುಗಳಿಂದಷ್ಟೇ ಚೆಂಡನ್ನು ಚಿಮ್ಮಿಸಬೇಕು. ಚೆಂಡು ಕೊನೆಯಲ್ಲಿ ಬಿಡುವುದು ಬೆರಳ ತುದಿಯನ್ನು. ಚೆಂಡಿನ ಗಿರಕಿ ನಿರ್ಧಾರವಾಗುವುದು ಅಲ್ಲಿಯೇ. ಚೆಂಡನ್ನು ಅಂಗೈಗೆ ಒತ್ತಿ ಹಿಡಿದರೆ ಗಿರಕಿ ಹುಟ್ಟುವುದಿಲ್ಲ.

2. ಮಂಡಿಯೂರಿ ಎಸೆತ. ಎಸೆಯುವ ಕೈಯ ಬದಿಯ ಮಂಡಿಯನ್ನು ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ಪೂರ್ಣ ಸುತ್ತು ಬೀಸಿ 6–7 ಮೀ. ದೂರಕ್ಕೆ ಎಸೆಯುವುದು. ಕಾಲುಗಳ ಕೆಲಸ ಇಲ್ಲವಾದ್ದರಿಂದ ಗಮನವೆಲ್ಲ ಕೈಯ ಪಥದ ಮೇಲೆ ಉಳಿಯುತ್ತದೆ.

3. ಗೋಡೆಯ ಅಭ್ಯಾಸ. ಎಸೆಯುವ ಕೈ ಗೋಡೆಯ ಬದಿಗೆ ಇರುವಂತೆ, ಗೋಡೆಗೆ ಸಮಾಂತರವಾಗಿ ಒಂದು ಗೇಣು ದೂರದಲ್ಲಿ ನಿಂತು ಚೆಂಡಿಲ್ಲದೆ ಕೈ ಸುತ್ತುವುದು. ಕೈ ಗೋಡೆಗೆ ತಾಗಿದರೆ ಸಮತಲ ಓರೆಯಾಗಿದೆ ಎಂದರ್ಥ. ತಿದ್ದುವವರಿಲ್ಲದಿದ್ದರೂ ಗೋಡೆಯೇ ತಿದ್ದುತ್ತದೆ. ನಿಧಾನವಾಗಿ ಆರಂಭಿಸಬೇಕು.

4. ತೆರೆದ ನಿಲುವಿನ ಅಭ್ಯಾಸ. ಕಾಲುಗಳನ್ನು ಅಗಲಿಸಿ, ದೇಹವನ್ನು ಗುರಿಗೆ ಪಕ್ಕವಾಗಿ ತಿರುಗಿಸಿ, ಕೈಯನ್ನು ತಲೆಯ ಮೇಲೆತ್ತಿ ಅಲ್ಲಿಂದ ಕೆಳಗಿಳಿಸಿ ಎಸೆಯುವುದು. ಸುತ್ತಿನ ಕೊನೆಯ ಅರ್ಧ ಮಾತ್ರ ಇಲ್ಲಿ ಅಭ್ಯಾಸವಾಗುತ್ತದೆ. ಮೊಣಕೈ ಸ್ವಲ್ಪ ಬಾಗಿ ಸಡಿಲವಾಗಿರಬೇಕು. ಮುಂಗೈಯ ಒಳಭಾಗ ಸೊಂಟವನ್ನು ಲಘುವಾಗಿ ಸವರಿಕೊಂಡು ಹೋಗಬೇಕು. ಈ ಸವರುವಿಕೆ ಕೈಗೆ ಪ್ರತಿಬಾರಿಯೂ ಒಂದೇ ಜಾಗದ ಗುರುತು ಕೊಡುತ್ತದೆ. ತೋಳಿನ ಮೇಲ್ಭಾಗ ನಿಂತಾಗ ಕೆಳಭಾಗ ಚಾಟಿಯ ತುದಿಯಂತೆ ಮುನ್ನುಗ್ಗುತ್ತದೆ.

5. ನಡೆದು ಬಂದು ಎಸೆಯುವುದು. ನೆಲದ ಮೇಲೆ ಗುರಿಯತ್ತ ಸುಣ್ಣದ ಗೆರೆ ಎಳೆದು, ಅದರ ಮೇಲೆ ಎರಡು ಮೂರು ಹೆಜ್ಜೆ ನಡೆದು ಬಂದು ಎಸೆಯುವುದು. ಕಾಲು ನೆಲವನ್ನು ಹಿಂದೆ ತಳ್ಳಿದಾಗ ನೆಲ ದೇಹವನ್ನು ಮುಂದೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಮುಂದಿನ ಕಾಲು ಗಟ್ಟಿಯಾಗಿ ಊರಿ ದೇಹವನ್ನು ತಡೆದಾಗ ಸಂವೇಗ ಸೊಂಟ, ಮುಂಡ, ಭುಜಗಳ ಮೂಲಕ ಕೈಗೆ ಹರಿಯುತ್ತದೆ. ಬಸ್ಸು ಥಟ್ಟನೆ ನಿಂತಾಗ ನಮ್ಮ ಮೇಲ್ಮೈ ಮುಂದಕ್ಕೆ ಬಾಗುವುದನ್ನು ನೆನಪಿಸಿಕೊಳ್ಳಿ. ಪಾದ ಗೆರೆಯ ಪಕ್ಕಕ್ಕೆ ಬಿದ್ದರೆ ಈ ಹರಿವಿನ ಒಂದು ಪಾಲು ವ್ಯರ್ಥವಾಗುತ್ತದೆ.

6. ದಾರದ ಚೌಕಟ್ಟು. ಎರಡು ಕಂಬಗಳ ನಡುವೆ ದಾರ ಕಟ್ಟಿ 43 ಸೆಂ.ಮೀ. ಅಗಲದ ಆಯತವೊಂದನ್ನು ಮಾಡಿ, ಹಿಂದೆ ಹಳೆಯ ಜಮಖಾನೆ ನೇತುಹಾಕಬೇಕು. 10 ಎಸೆತಗಳಲ್ಲಿ ಎಷ್ಟು ಒಳಗೆ ಹೋದವು ಎಂಬುದನ್ನು ಬರೆದಿಡಬೇಕು. ಮೊದಲು ಅರ್ಧ ದೂರದಿಂದ, ನಿಖರತೆ ಬಂದ ಮೇಲೆ ಪೂರ್ಣ ದೂರದಿಂದ.

ಗಿರಕಿಯ ಪಾಠ

ಗಿರಕಿ ಹೊಡೆಯುತ್ತ ಸಾಗುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಒಂದು ಬದಿಗೆ ಬಾಗಿಸುತ್ತದೆ. ಗಾಳಿ ಚೆಂಡನ್ನು ವಿರುದ್ಧ ಬದಿಗೆ ತಳ್ಳುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಮುಂಗಿರಕಿ ಇದ್ದರೆ ಬಲ ಕೆಳಮುಖ. ಅದು ಡ್ರಾಪ್ ಎಸೆತ. ಹಿಂಗಿರಕಿ ಇದ್ದರೆ ಬಲ ಮೇಲ್ಮುಖ. ಅದು ರೈಸ್ ಎಸೆತ.

ರೈಸ್ ಎಸೆತ ಬ್ಯಾಟರ್ ಮುಂದೆ ಥಟ್ಟನೆ ಮೇಲಕ್ಕೆ ತಿರುಗುತ್ತದೆ ಎಂದು ಹೇಳುವವರಿದ್ದಾರೆ. ಲೆಕ್ಕ ಇದನ್ನು ಒಪ್ಪುವುದಿಲ್ಲ. ಚೆಂಡಿನ ತೂಕ ಸುಮಾರು 1.9 ನ್ಯೂಟನ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಳ್ಳೆಯ ಹಿಂಗಿರಕಿಯಿಂದ ಸಿಗುವ ಮೇಲ್ಮುಖ ಬಲದ ಅಂದಾಜು ಅದರ ಮೂರನೇ ಒಂದು ಭಾಗ. ಗುರುತ್ವವೇ ಗೆಲ್ಲುತ್ತದೆ. ಆದರೆ 0.4 ಸೆಕೆಂಡಿನಲ್ಲಿ ಗಿರಕಿಯಿಲ್ಲದ ಚೆಂಡು 78 ಸೆಂ.ಮೀ. ಇಳಿಯಬೇಕಾದಲ್ಲಿ ಇದು 52 ಸೆಂ.ಮೀ. ಮಾತ್ರ ಇಳಿಯುತ್ತದೆ. ಕೆಳಗಿನಿಂದ ಏರುಮುಖವಾಗಿ ಹೊರಟ ಚೆಂಡು ನಿರೀಕ್ಷೆಗಿಂತ 26 ಸೆಂ.ಮೀ. ಮೇಲೆ ಬಂದರೆ ಬ್ಯಾಟರ್‌ಗೆ ಅದು ಹಾರಿದಂತೆಯೇ ಕಾಣುತ್ತದೆ.

ಕಲಿಯುವವರಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಚೆಂಡು ಬಂದೂಕಿನ ಗುಂಡಿನಂತೆ, ಸಾಗುವ ದಿಕ್ಕನ್ನೇ ಅಕ್ಷವಾಗಿಸಿಕೊಂಡು ತಿರುಗುವುದು. ಅಂಥ ಗಿರಕಿ ಎಷ್ಟು ಜೋರಾಗಿದ್ದರೂ ಮ್ಯಾಗ್ನಸ್ ಬಲ ಹುಟ್ಟುವುದಿಲ್ಲ. ಪತ್ತೆ ಮಾಡುವುದು ಸುಲಭ. ಹಳೆಯ ಚೆಂಡಿನ ನಡುವೆ ಬಣ್ಣದ ಪಟ್ಟಿಯೊಂದನ್ನು ಸುತ್ತಲೂ ಅಂಟಿಸಿ, ಬೆರಳುಗಳು ಪಟ್ಟಿಯ ಉದ್ದಕ್ಕೆ ಇರುವಂತೆ ಹಿಡಿದು 4–5 ಮೀ. ದೂರಕ್ಕೆ ಎಸೆಯಬೇಕು. ಪಟ್ಟಿ ಒಂದೇ ನೆಟ್ಟ ಗೆರೆಯಾಗಿ ಕಂಡರೆ ಗಿರಕಿ ಸರಿ. ಅಡ್ಡಾದಿಡ್ಡಿಯಾಗಿ ಒಲಾಡಿದರೆ ಅಕ್ಷ ಓರೆಯಾಗಿದೆ.

ಕಲಿಕೆಯ ಕ್ರಮ

ಒಂದೇ ಎಸೆತವನ್ನು 30 ಬಾರಿ ಮಾಡಿ ಮುಗಿಸಿ ಮುಂದಿನದಕ್ಕೆ ಹೋಗುವುದು ಒಳ್ಳೆಯದೋ, ಮೂರು ಬಗೆಯ ಎಸೆತಗಳನ್ನು ಬೆರೆಸಿ 30 ಬಾರಿ ಮಾಡುವುದೋ? 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು ಇಂಥ ಪ್ರಶ್ನೆಯನ್ನು ಪರೀಕ್ಷಿಸಿದರು. ಚಿಕ್ಕ ಮರದ ತಡೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಬೀಳಿಸುವ ಕೆಲಸ ಅದು. ಒಂದೊಂದನ್ನೇ ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. 10 ದಿನಗಳ ನಂತರ ಪರೀಕ್ಷಿಸಿದಾಗ ಬೆರೆಸಿ ಅಭ್ಯಾಸ ಮಾಡಿದವರದೇ ಮೇಲುಗೈ. 1986ರಲ್ಲಿ ಬ್ಯಾಡ್ಮಿಂಟನ್ ಸರ್ವ್‌ಗಳ ಮೇಲೆ ನಡೆದ ಅಧ್ಯಯನವೂ ಇದನ್ನೇ ತೋರಿಸಿತು. ಬೆರೆಸಿದಾಗ ಮಿದುಳು ಪ್ರತಿ ಬಾರಿಯೂ ಚಲನೆಯ ಯೋಜನೆಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಆ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ ಎಂಬುದು ಒಂದು ವಿವರಣೆ.

ಹಾಗಾದರೆ ಹೊಸಬರಿಗೆ ಮೊದಲ ವಾರಗಳಲ್ಲಿ ಒಂದೊಂದೇ ಅಭ್ಯಾಸ. ಚಲನೆ ಕೂಡಿಬಂದ ಮೇಲೆ ವೇಗದ ಎಸೆತ, ಚೇಂಜ್‌ಅಪ್, ಡ್ರಾಪ್ ಇವುಗಳನ್ನು ಬೆರೆಸಿ, ಒಳಮೂಲೆ ಹೊರಮೂಲೆಗಳನ್ನು ಬದಲಿಸಿ ಮಾಡಿಸಬೇಕು. ಆ ದಿನ ತಪ್ಪುಗಳು ಹೆಚ್ಚಾದರೆ ಶಿಕ್ಷಕರು ಎದೆಗುಂದಬೇಕಿಲ್ಲ.

ಭುಜ ಹೊರುವ ಹೊರೆ

ಕೆಳಗೈ ಎಸೆತ ಸಹಜ ಚಲನೆ, ಅದರಿಂದ ಭುಜಕ್ಕೆ ಏನೂ ಆಗದು ಎಂಬ ನಂಬಿಕೆ ಸಾಫ್ಟ್‌ಬಾಲ್ ಲೋಕದಲ್ಲಿ ಬಹುಕಾಲ ಇತ್ತು. ಅದು ಎಷ್ಟು ಸರಿ ಎಂಬುದನ್ನು ನಾವೇ ಲೆಕ್ಕ ಹಾಕೋಣ.

ಮೇಲಿನ ವಿದ್ಯಾರ್ಥಿನಿಯ ದೇಹದ ರಾಶಿ 50 ಕಿ.ಗ್ರಾಂ. ಇರಲಿ. ಒಂದು ಕೈಯ ರಾಶಿ ದೇಹದ ಸುಮಾರು ಶೇಕಡ 5, ಅಂದರೆ 2.5 ಕಿ.ಗ್ರಾಂ. ಕೈಯ ರಾಶಿಕೇಂದ್ರ ಭುಜದಿಂದ 0.3 ಮೀ. ದೂರದಲ್ಲಿದೆ ಎನ್ನೋಣ. ವೃತ್ತದಲ್ಲಿ ಹಿಡಿದಿಡಲು ಬೇಕಾದ ಕೇಂದ್ರಾಭಿಮುಖ ಬಲ mω²r. ಕೈಗೆ ಬೇಕಾದದ್ದು 2.5 × 532 × 0.3, ಸುಮಾರು 399 ನ್ಯೂಟನ್. ಚೆಂಡಿಗೆ ಬೇಕಾದದ್ದು 0.19 × 532 × 0.65, ಸುಮಾರು 66 ನ್ಯೂಟನ್. ಒಟ್ಟು 465 ನ್ಯೂಟನ್. ಇದು 47 ಕಿ.ಗ್ರಾಂ. ತೂಕಕ್ಕೆ ಸಮ. ಎಂದರೆ ಪ್ರತಿ ಎಸೆತದ ತಳದಲ್ಲಿ, ಕ್ಷಣಮಾತ್ರ, ಅವಳ ಭುಜಕ್ಕೆ ಹೆಚ್ಚು ಕಡಿಮೆ ಅವಳ ಮೈತೂಕವೇ ಜೋತು ಬೀಳುತ್ತದೆ.

ನಮ್ಮದು ಸರಳ ಮಾದರಿ. ಆದರೆ ವೇಗದ ಕ್ಯಾಮರಾಗಳಿಂದ 1990ರ ದಶಕದ ನಂತರ ನಡೆದ ಅಳತೆಗಳೂ ಭುಜವನ್ನು ಕೀಲಿನಿಂದ ಹೊರಕ್ಕೆಳೆಯುವ ಬಲ ದೇಹತೂಕದ ಶೇಕಡ 80ರಿಂದ 100ರಷ್ಟು ಇದೆ ಎಂದೇ ಹೇಳುತ್ತವೆ. ಮೇಲಿನಿಂದ ಎಸೆಯುವ ಬೇಸ್‌ಬಾಲ್ ಪಿಚರ್ ಚೆಂಡು ಬಿಟ್ಟ ನಂತರ ಕೈಯನ್ನು ತಡೆಯುತ್ತಾನೆ. ವಿಂಡ್‌ಮಿಲ್ ಎಸೆತದಲ್ಲಿ ತೋಳಿನ ಬೈಸೆಪ್ಸ್ ಸ್ನಾಯು ಚೆಂಡು ಬಿಡುವ ಮೊದಲೇ, ಕೈ ಕೆಳಗಿಳಿಯುವಾಗಲೇ ಗಟ್ಟಿಯಾಗಿ ದುಡಿಯುತ್ತದೆ. ಭುಜದ ಮುಂಭಾಗದ ನೋವು ಈ ಪಿಚರ್‌ಗಳಲ್ಲಿ ಕಾಣಿಸಿಕೊಳ್ಳಲು ಇದೊಂದು ಕಾರಣ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಎನೊ ಎರಡು ದಿನಗಳಲ್ಲಿ ಮೂರು ಪಂದ್ಯಗಳಲ್ಲಿ 413 ಎಸೆತ ಎಸೆದು ದೇಶಕ್ಕೆ ಚಿನ್ನ ತಂದರು. ಅದು ವರ್ಷಗಳ ಸಿದ್ಧತೆಯಿದ್ದ ವಯಸ್ಕ ಆಟಗಾರ್ತಿಯ ಸಾಧನೆ. ಶಾಲಾ ತಂಡದಲ್ಲಿ ಚೆನ್ನಾಗಿ ಎಸೆಯುವವಳು ಒಬ್ಬಳೇ ಇದ್ದು, ಕೂಟದ ಎಲ್ಲ ಪಂದ್ಯಗಳನ್ನೂ ಅವಳಿಂದಲೇ ಎಸೆಸುವುದಕ್ಕೆ ಅದು ಮಾದರಿಯಲ್ಲ. ಬೆಳೆಯುವ ಮೂಳೆಗಳ ತುದಿಯಲ್ಲಿ ಇನ್ನೂ ಮೃದ್ವಸ್ಥಿಯ ಬೆಳವಣಿಗೆಯ ಫಲಕಗಳಿರುತ್ತವೆ. ಅವು ಸ್ನಾಯುರಜ್ಜುಗಳಿಗಿಂತ ದುರ್ಬಲ.

ಬೇಸ್‌ಬಾಲ್‌ನ ಲಿಟಲ್ ಲೀಗ್ ಸಂಸ್ಥೆ 2007ರಲ್ಲಿ ಮಕ್ಕಳ ಎಸೆತಗಳ ಎಣಿಕೆಗೆ ಮಿತಿ ತಂದಿತು. ಸಾಫ್ಟ್‌ಬಾಲ್‌ಗೆ ಅಮೆರಿಕದ ಕ್ರೀಡಾವೈದ್ಯರು ಸೂಚಿಸಿರುವ ಮಿತಿ ಒಂದು ಪಂದ್ಯಕ್ಕೆ 10–12 ವರ್ಷದವರಿಗೆ ಸುಮಾರು 65, 13–14 ವರ್ಷದವರಿಗೆ 80, 15 ದಾಟಿದವರಿಗೆ 100 ಎಸೆತ. ಅಭ್ಯಾಸದ ಎಸೆತಗಳೂ ಭುಜದ ಲೆಕ್ಕದಲ್ಲಿ ಎಸೆತಗಳೇ. ಮಣಿಕಟ್ಟಿನ ಅಭ್ಯಾಸ, ಗೋಡೆಯ ನಿಧಾನ ಸುತ್ತು ಇವು ಹಗುರ. ಬಲ ಕೋನೀಯ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅರ್ಧ ವೇಗದ ಎಸೆತ ಕಾಲು ಭಾಗದಷ್ಟೇ ಎಳೆಯುತ್ತದೆ. ಆದ್ದರಿಂದ ತಂತ್ರ ತಿದ್ದುವ ಅಭ್ಯಾಸವನ್ನು ನಿಧಾನ ವೇಗದಲ್ಲಿ ಮಾಡಿಸಿ, ಪೂರ್ಣ ವೇಗದ ಎಸೆತಗಳನ್ನು ಎಣಿಸಿ ಕೊಡಬೇಕು. ನೋವು ಕಂಡರೆ ಆ ದಿನ ನಿಲ್ಲಿಸಬೇಕು. ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು.

ತರಗತಿಯಲ್ಲಿ ಮಾಡಿ ನೋಡಿ

ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಫೋನ್ ಈಗ ಅನೇಕರ ಬಳಿ ಇದೆ. ಎಸೆತವನ್ನು ಪಕ್ಕದಿಂದ ಚಿತ್ರೀಕರಿಸಿ. ಎರಡು ಚಿತ್ರಗಳ ನಡುವಿನ ಕಾಲ ಸುಮಾರು 4.2 ಮಿಲಿಸೆಕೆಂಡು. ಅಷ್ಟರಲ್ಲಿ ಕೈ ತಿರುಗಿದ ಕೋನವನ್ನು ಪರದೆಯ ಮೇಲೆಯೇ ಕೋನಮಾಪಕದಿಂದ ಅಳೆದರೆ ω ಸಿಗುತ್ತದೆ. ಚೆಂಡು ಕೈಬಿಟ್ಟು ಗುರಿ ಮುಟ್ಟುವವರೆಗಿನ ಚಿತ್ರಗಳನ್ನು ಎಣಿಸಿದರೆ ವೇಗ ಸಿಗುತ್ತದೆ. ಕೈಯ ಉದ್ದವನ್ನು ಟೇಪಿನಿಂದ ಅಳೆದು v = ωr ಸರಿಹೊಂದುತ್ತದೆಯೇ ನೋಡಿ. ಚೆಂಡಿನ ವೇಗ ಲೆಕ್ಕಕ್ಕಿಂತ ಹೆಚ್ಚು ಬಂದರೆ ಆ ಹೆಚ್ಚಿನ ಪಾಲು ಕಾಲು ಮತ್ತು ಮಣಿಕಟ್ಟಿನ ಕೊಡುಗೆ.

ಜೊತೆಗೆ ಒಂದು ನೋಟ್‌ಬುಕ್ ಇಡಿ. ದಿನಾಂಕ, ಪೂರ್ಣ ವೇಗದ ಎಸೆತಗಳ ಸಂಖ್ಯೆ, ಚೌಕಟ್ಟಿನೊಳಗೆ ಹೋದವು, ಭುಜದಲ್ಲಿ ನೋವು ಇತ್ತೇ ಇಲ್ಲವೇ ಎಂಬ ನಾಲ್ಕೇ ಕಲಮುಗಳು ಸಾಕು. ಎರಡು ತಿಂಗಳಲ್ಲಿ ಆ ಹಾಳೆಗಳು ಯಾವ ಅಭ್ಯಾಸ ಫಲ ಕೊಟ್ಟಿತು ಎಂಬುದನ್ನೂ, ಯಾವ ವಾರ ಮಿತಿ ಮೀರಿತು ಎಂಬುದನ್ನೂ ಹೇಳುತ್ತವೆ. ಎರಡನೆಯ ಪಿಚರ್ ಒಬ್ಬಳನ್ನು ತಯಾರು ಮಾಡಬೇಕಾದ ಹೊತ್ತು ಯಾವುದೆಂಬುದೂ ಅದರಿಂದಲೇ ತಿಳಿಯುತ್ತದೆ.